ಆಮೆಯ ಯುವಿಬಿ ದೀಪ: ಮೀಟರ್ ಕೊಳ್ಳಬೇಕಾ, ವರ್ಷಕ್ಕೊಮ್ಮೆ ಟ್ಯೂಬ್ ಬದಲಿಸಿದರೆ ಸಾಕಾ?

ಇಂಗ್ಲೆಂಡಿನಲ್ಲಿ ಆಮೆ ಸಾಕಿರುವ ಕನ್ನಡದ ಮನೆಗಳಿಂದ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಇದೇ. ಮಕ್ಕಳು ಹಟ ಮಾಡಿದರು ಅಂತ ಒಂದು ಹರ್ಮನ್ ಆಮೆ ಮನೆಗೆ ಬಂದಿದೆ. ಅಂಗಡಿಯವರು ಹೇಳಿದ ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ) ದೀಪವನ್ನೂ ಹಾಕಿಸಿದ್ದಾರೆ. ವರ್ಷ ಆಗುತ್ತಾ ಬಂತು, ದೀಪ ಇನ್ನೂ ಚೆನ್ನಾಗಿಯೇ ಉರಿಯುತ್ತಿದೆ. ಈಗ ಅದನ್ನು ತೆಗೆದು ಹೊಸದು ಹಾಕಬೇಕಾ? ಇಲ್ಲಾ 200 ಪೌಂಡ್ ದಾಟುವ ಮೀಟರ್ ಕೊಂಡು ಅಳೆಯಬೇಕಾ? ಕೆಲವೇ ಪೌಂಡಿಗೆ ಸಿಗುವ ಬಣ್ಣ ಬದಲಾಯಿಸುವ ಕಾರ್ಡ್ ಸಾಲದಾ?

ಎಲ್ಲರಿಗೂ ಒಂದೇ ಉತ್ತರ ಇಲ್ಲ. ನಿಮ್ಮ ದೀಪ ಯಾವುದು, ಆಮೆ ಎಷ್ಟು, ವರ್ಷದಲ್ಲಿ ಎಷ್ಟು ದಿನ ಅವು ನಿಜವಾದ ಬಿಸಿಲು ಕಾಣುತ್ತವೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಕರ್ನಾಟಕದಲ್ಲಿ ಓದುತ್ತಿರುವವರಿಗೆ ಒಂದು ಮಾತು ಮೊದಲೇ ಹೇಳಬೇಕು. ನಮ್ಮ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಅದು ಮೊದಲನೇ ಅನುಸೂಚಿಯಲ್ಲಿದೆ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದಲ್ಲೂ 2019ರಿಂದ ಅತಿ ಬಿಗಿಯಾದ ಮೊದಲ ಪಟ್ಟಿಗೆ ಸೇರಿದೆ. ಆಫ್ರಿಕಾದ ಸಲ್ಕಾಟಾದಂಥ ಹೊರದೇಶದ ಆಮೆ ಇದ್ದರೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ. ಬ್ರಿಟನ್ನಿನಲ್ಲಿ ಹರ್ಮನ್ ಆಮೆ ಕೊಳ್ಳುವಾಗ ಮಾರುವವರ ಹತ್ತಿರ ಆರ್ಟಿಕಲ್ 10 ಪ್ರಮಾಣಪತ್ರ (ಮಾರಾಟಕ್ಕೆ ಬೇಕಾದ ಸರ್ಕಾರಿ ಅನುಮತಿ) ಇದೆಯೇ ಅಂತ ನೋಡಿಯೇ ದುಡ್ಡು ಕೊಡಿ.

ಯಾವುದನ್ನು ನೋಡಿ ಆರಿಸಬೇಕು?

ಆಮೆಯ ಚರ್ಮದ ಮೇಲೆ ಯುವಿಬಿ ಬಿದ್ದಾಗ ಅಲ್ಲಿ ವಿಟಮಿನ್ ಡಿ3ರ ಮೊದಲ ರೂಪ ತಯಾರಾಗುತ್ತದೆ. ಅದು ಪೂರ್ತಿ ಡಿ3 ಆಗಬೇಕಾದರೆ ಮೈ ಬೆಚ್ಚಗಿರಬೇಕು. ಆಮೇಲೆ ಪಿತ್ತಜನಕಾಂಗ, ಮೂತ್ರಪಿಂಡ ಎರಡನ್ನೂ ಹಾದು ಅದು ಕೆಲಸಕ್ಕೆ ಬರುತ್ತದೆ. ಇದು ಸಾಲದಾದರೆ ನೀವು ಎಷ್ಟು ಕ್ಯಾಲ್ಸಿಯಂ ಪುಡಿ ಉದುರಿಸಿದರೂ ಅದು ಮೈಗೆ ಹತ್ತುವುದಿಲ್ಲ. ಚಿಪ್ಪು ಮೆತ್ತಗಾಗುತ್ತದೆ, ದವಡೆ ಬಲ ಕಳೆದುಕೊಳ್ಳುತ್ತದೆ, ಆಮೆ ಹೊಟ್ಟೆ ಎಳೆದುಕೊಂಡು ನಡೆಯುತ್ತದೆ. ಬೆಳೆಯುವ ಮರಿಗಳಿಗೆ ಇದು ಬಹಳ ಬೇಗ ಬರುತ್ತದೆ.

ತೊಂದರೆ ಏನೆಂದರೆ ಯುವಿಬಿ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಟ್ಯೂಬ್ ಬೆಳ್ಳಗೆ ಉರಿಯುತ್ತಲೇ ಇರುತ್ತದೆ, ಒಳಗಿನ ಯುವಿಬಿ ಮಾತ್ರ ತಿಂಗಳು ತಿಂಗಳಿಗೆ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಯಾವ ದಾರಿ ಹಿಡಿದರೂ ನಾನು ಮೊದಲು ಕೇಳುವುದು ಇಷ್ಟು: ಆಮೆಯ ಚಿಪ್ಪಿನ ಎತ್ತರದಲ್ಲಿ ಯುವಿ ಎಷ್ಟಿದೆ ಅಂತ ಇದು ಸಂಖ್ಯೆಯಲ್ಲಿ ಹೇಳುತ್ತದೆಯೇ? ಕಡಿಮೆ ಆದಾಗ ಮಾತ್ರವಲ್ಲ, ಜಾಸ್ತಿ ಆದಾಗಲೂ ಎಚ್ಚರಿಸುತ್ತದೆಯೇ? ಮೂರು ತಿಂಗಳ ಹಿಂದಿನ ಅಳತೆಗೂ ಇವತ್ತಿನದಕ್ಕೂ ಹೋಲಿಸಬಹುದೇ? ದುಡ್ಡಿನ ಲೆಕ್ಕ ಇವೆಲ್ಲ ಆದಮೇಲೆ.

ಸಂಖ್ಯೆ ಅಂದರೆ ಯುವಿ ಸೂಚ್ಯಂಕ, ಹವಾಮಾನ ವರದಿಯಲ್ಲಿ ಬರುತ್ತದಲ್ಲ, ಅದೇ. 2010ರಲ್ಲಿ ಸಂಶೋಧಕ ಗ್ಯಾರಿ ಫರ್ಗುಸನ್ ಮತ್ತು ಜೊತೆಗಾರರು ಬಯಲಿನ ಹಲ್ಲಿ, ಹಾವುಗಳು ದಿನವಿಡೀ ಎಷ್ಟು ಯುವಿಗೆ ಮೈಯೊಡ್ಡುತ್ತವೆ ಅಂತ ಅಳೆದು ನಾಲ್ಕು ವಲಯ ಮಾಡಿದರು. ನೆರಳಲ್ಲೇ ಇರುವವು ಮೊದಲನೆಯದು, ನಡುಹಗಲಲ್ಲೂ ಬಿಸಿಲು ಕಾಯುವವು ನಾಲ್ಕನೆಯದು. ಆಮೇಲೆ ಬೇರೆಯವರು ಆಮೆಗಳನ್ನೂ ಇದಕ್ಕೆ ಸೇರಿಸಿದರು. ಹರ್ಮನ್‌ನಂಥ ಮೆಡಿಟರೇನಿಯನ್ ಆಮೆಗಳನ್ನು ಸಾಮಾನ್ಯವಾಗಿ ಮೂರನೇ ವಲಯದಲ್ಲಿ ಇಡುತ್ತಾರೆ. ಆ ವಲಯದ ಪ್ರಾಣಿಗಳು ಮೈಯೊಡ್ಡಿದ ಗರಿಷ್ಠ ಸೂಚ್ಯಂಕ 2.9ರಿಂದ 7.4ರವರೆಗೆ ಇತ್ತು. ಮನೆಯೊಳಗೆ ನಾನು ಹೇಳುವ ಗುರಿ ಇದಕ್ಕಿಂತ ಸ್ವಲ್ಪ ಹುಷಾರಿನದು. ಬಿಸಿಲು ಕಾಯುವ ಜಾಗದಲ್ಲಿ 3ರಿಂದ 5 ಇರಲಿ. ಅಲ್ಲಿಂದ ದೂರ ಹೋದಂತೆ ಇಳಿಯುತ್ತಾ ಮೂಲೆಯ ನೆರಳಲ್ಲಿ ಸೊನ್ನೆ ಆಗಲಿ. ಎಷ್ಟು ಬೇಕೋ ಅಷ್ಟನ್ನು ಆಮೆಯೇ ಆರಿಸಿಕೊಳ್ಳುತ್ತದೆ. ಕಾಡಿನ ನೆರಳಲ್ಲಿ ಬದುಕುವ ರೆಡ್‌ಫುಟ್ ಆಮೆ ನಿಮ್ಮದಾಗಿದ್ದರೆ ಇದಕ್ಕಿಂತ ಕಡಿಮೆಯೇ ಸಾಕು.

ದೀಪ ಯಾವುದು ಅನ್ನುವುದರ ಮೇಲೆ ಅಳತೆಯ ಅಗತ್ಯ

ಕೆಲವು ದೀಪಗಳನ್ನು ಅಳೆಯದೆ ಇಟ್ಟುಕೊಂಡರೂ ದೊಡ್ಡ ಅನಾಹುತ ಆಗುವುದಿಲ್ಲ. ಇನ್ನು ಕೆಲವನ್ನು ಅಳೆಯದೆ ಹಾಕಲೇಬಾರದು. ಅದಕ್ಕೇ ಮೀಟರ್ ವಿಷಯಕ್ಕೆ ಮೊದಲು ದೀಪದ ಮಾತು.

ಟಿ5 ಹೈ ಔಟ್‌ಪುಟ್ ಅನ್ನುವ ತೆಳ್ಳನೆಯ ಫ್ಲೋರೊಸೆಂಟ್ ಟ್ಯೂಬ್ ನನ್ನ ಮೊದಲ ಆಯ್ಕೆ. 24 ವ್ಯಾಟ್‌ನದು ಸುಮಾರು 55 ಸೆಂಟಿಮೀಟರ್, 39 ವ್ಯಾಟ್‌ನದು 85, 54 ವ್ಯಾಟ್‌ನದು 115 ಸೆಂಟಿಮೀಟರ್ ಉದ್ದ. ಇದರ ಯುವಿಬಿ ಒಂದು ಚುಕ್ಕೆಯ ಮೇಲೆ ಸುರಿಯುವುದಿಲ್ಲ, ಅಗಲವಾಗಿ ಹರಡುತ್ತದೆ. ಆಮೆ ಪೂರ್ತಿ ಮೈಯೊಡ್ಡಿ ಕೂರಬಹುದು. ದೀಪದ ಹಿಂದೆ ರಿಫ್ಲೆಕ್ಟರ್ ಇರಲೇಬೇಕು. ಅದಿಲ್ಲದಿದ್ದರೆ ಅರ್ಧ ಬೆಳಕು ಚಾವಣಿಗೆ ಹೋಗುತ್ತದೆ. ಆರ್ಕೇಡಿಯಾದ 12 ಪರ್ಸೆಂಟ್, ಝೂ ಮೆಡ್‌ನ 10.0 ಇವು ಹರ್ಮನ್ ಸಾಕುವವರು ಸಾಮಾನ್ಯವಾಗಿ ಬಳಸುವ ಟ್ಯೂಬ್‌ಗಳು. ರಿಫ್ಲೆಕ್ಟರ್ ಜೊತೆ ಚಿಪ್ಪಿನಿಂದ 30-40 ಸೆಂಟಿಮೀಟರ್ ಮೇಲೆ ತೂಗುಹಾಕಿದರೆ ನಮ್ಮ ಗುರಿಯ ಹತ್ತಿರ ಬರುತ್ತದೆ. ಡಬ್ಬಿಯ ಮೇಲಿನ ಪರ್ಸೆಂಟ್ ನೋಡಿ ಮೋಸಹೋಗಬೇಡಿ. ದೀಪದ ಒಟ್ಟು ಬೆಳಕಲ್ಲಿ ಯುವಿಬಿ ಪಾಲು ಎಷ್ಟು ಅಂತ ಮಾತ್ರ ಅದು ಹೇಳುತ್ತದೆ. ಆಮೆಯ ಬೆನ್ನಿಗೆ ಎಷ್ಟು ಬೀಳುತ್ತದೆ ಅನ್ನುವುದನ್ನು ನಿರ್ಧರಿಸುವುದು ದೂರ. ಬಿಸಿಗೆ ಬೇರೆ ಬಲ್ಬ್ ಬೇಕಾಗುತ್ತದೆ. ಅದನ್ನು ಟ್ಯೂಬಿನ ಪಕ್ಕದಲ್ಲೇ ಇಡಿ, ಬೆಚ್ಚಗಿರುವ ಜಾಗ ಮತ್ತು ಯುವಿ ಬೀಳುವ ಜಾಗ ಒಂದೇ ಆಗಿರಲಿ.

ಟಿ8 ಹಳೆಯ ಕಾಲದ ಸಣ್ಣ ಬಲದ ಟ್ಯೂಬ್. ಬೆಲೆ ಕಡಿಮೆ, ಆದರೆ ಚಿಪ್ಪಿಗೆ ಬಹಳ ಹತ್ತಿರ ತರಬೇಕು, ಯುವಿಬಿಯೂ ಬೇಗ ಇಳಿಯುತ್ತದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದಿಲ್ಲ.

ಮರ್ಕ್ಯುರಿ ವೇಪರ್ ಬಲ್ಬ್ ಬಹಳ ಜನರನ್ನು ಸೆಳೆಯುತ್ತದೆ. ಬಿಸಿ, ಬೆಳಕು, ಯುವಿಬಿ ಮೂರೂ ಒಂದರಲ್ಲೇ, ಒಂದೇ ಹೋಲ್ಡರ್ ಸಾಕು. ಆದರೆ ಇದಕ್ಕೆ ಡಿಮ್ಮರ್ ಅಥವಾ ಡಿಮ್ಮಿಂಗ್ ಥರ್ಮೋಸ್ಟಾಟ್ ಹಾಕುವಂತಿಲ್ಲ. ಬಿಸಿ ಜಾಸ್ತಿ ಆಯಿತು ಅಂತ ಮೇಲೆ ಎತ್ತಿದರೆ ಯುವಿಬಿ ಕಡಿಮೆ ಆಗುತ್ತದೆ, ಯುವಿಬಿ ಬೇಕು ಅಂತ ಕೆಳಗೆ ತಂದರೆ ಚಿಪ್ಪು ಕಾದು ಒಣಗುತ್ತದೆ. ಮರಿಗಳಿಗೆ ಈ ಒಣಬಿಸಿ ಒಳ್ಳೆಯದಲ್ಲ. ಒಂದೇ ಕಂಪನಿಯ ಎರಡು ಬಲ್ಬ್‌ಗಳ ನಡುವೆಯೂ ವ್ಯತ್ಯಾಸ ಇರುತ್ತದೆ. ಇದನ್ನು ಇಟ್ಟುಕೊಂಡವರಿಗೆ ಅಳತೆ ಬೇಕೇ ಬೇಕು. ಮೆಟಲ್ ಹ್ಯಾಲೈಡ್ ದೀಪದ ಬೆಳಕು ಬಿಸಿಲಿಗೆ ಹತ್ತಿರ, ನೋಡಲು ಚೆಂದ. ಆದರೆ ಬೇರೆ ಬಲಾಸ್ಟ್ (ವಿದ್ಯುತ್ ಹರಿವನ್ನು ಹಿಡಿತದಲ್ಲಿಡುವ ಸಾಧನ) ಬೇಕು, ಬೆಳಕಿನ ಕಿರಣ ಕಿರಿದು, ಹಾಗಾಗಿ ಇದಕ್ಕೂ ಅದೇ ಮಾತು.

ಸುರುಳಿ ಆಕಾರದ ಕಾಂಪ್ಯಾಕ್ಟ್ ಬಲ್ಬ್ ಅಗ್ಗ. ಆದರೆ ಅದರ ಯುವಿಬಿ ಅಂಗೈಯಷ್ಟು ಜಾಗಕ್ಕೆ ಮಾತ್ರ ಸರಿಯಾಗಿ ಬೀಳುತ್ತದೆ, ಅದರಾಚೆ ಏನೂ ಇರುವುದಿಲ್ಲ. 2000ದ ದಶಕದಲ್ಲಿ ಬಂದ ಕೆಲವು ಕಾಂಪ್ಯಾಕ್ಟ್‌ಗಳು ಬಿಸಿಲಿನಲ್ಲಿ ಇರದ ತೀರಾ ಕಿರಿಯ ತರಂಗಾಂತರದ ಯುವಿ ಉಗುಳಿ ಪ್ರಾಣಿಗಳ ಕಣ್ಣು ಕೆಡಿಸಿದ್ದೂ ಉಂಟು. ಈಗಿನವು ಸುಧಾರಿಸಿವೆ, ಆದರೂ ಆಮೆಗೆ ಬೇಡ. ಎಲ್‌ಇಡಿ ಯುವಿಬಿ ದೀಪಗಳೂ ಬರುತ್ತಿವೆ. ಬಹಳಷ್ಟು ಎಲ್‌ಇಡಿಗಳ ಯುವಿ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಇರುತ್ತದೆ, ಬಿಸಿಲಿನ ಹರವು ಅದಕ್ಕಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಇನ್ನೂ ಸ್ವಲ್ಪ ಕಾಯಿರಿ.

ಅಳೆಯುವ ದಾರಿಗಳು

ಮೊದಲನೆಯದು ಮೀಟರೇ ಇಲ್ಲದೆ ಕ್ಯಾಲೆಂಡರ್ ನೋಡಿ ಬದಲಿಸುವುದು. ಟಿ5 ಆದರೆ 12 ತಿಂಗಳು, ಟಿ8 ಆದರೆ 6ರಿಂದ 12. ಒಳ್ಳೆಯ ಕಂಪನಿಯ ದೀಪ, ಅದೇ ಕಂಪನಿಯ ರಿಫ್ಲೆಕ್ಟರ್, ಅವರು ಕೊಟ್ಟ ದೂರದ ಚಾರ್ಟ್ ಈ ಮೂರನ್ನೂ ಪಾಲಿಸಿದರೆ ಇದು ಕೆಟ್ಟ ದಾರಿಯಲ್ಲ. ಒಂದು ಟ್ಯೂಬ್ ಸುಮಾರು 30 ಪೌಂಡ್. ಆದರೆ ಚಾರ್ಟ್ ಹೇಳುವುದು ಅವರ ಪ್ರಯೋಗಾಲಯದ ಮಾತು. ನಿಮ್ಮ ಮನೆಯಲ್ಲಿ ನಡುವೆ ಜಾಲರಿ ಇದ್ದರೆ ಮೂರರಲ್ಲಿ ಒಂದು ಪಾಲು, ಕೆಲವೊಮ್ಮೆ ಅರ್ಧದಷ್ಟು ಯುವಿಬಿ ಅಲ್ಲೇ ತಡೆದುಹೋಗುತ್ತದೆ. ಇದನ್ನು ಕ್ಯಾಲೆಂಡರ್ ಹೇಳುವುದಿಲ್ಲ.

ಬಣ್ಣ ಬದಲಾಯಿಸುವ ಟೆಸ್ಟ್ ಕಾರ್ಡ್ ಎರಡನೆಯದು. ಯುವಿ ಬಿದ್ದರೆ ಬಣ್ಣ ತಿರುಗುತ್ತದೆ, ನಿಜ. ಆದರೆ ಡಿ3 ತಯಾರಿಸದ, ಉದ್ದ ತರಂಗಾಂತರದ ಯುವಿಎ ಬಿದ್ದರೂ ತಿರುಗುತ್ತದೆ, ಅದೇ ತೊಂದರೆ. ಸೂಚ್ಯಂಕ 1 ಇದ್ದರೂ 5 ಇದ್ದರೂ ಕಾರ್ಡಿನ ಬಣ್ಣದಿಂದ ಹೇಳಲಾಗುವುದಿಲ್ಲ. ಅಂಗಡಿಯಲ್ಲಿ ಯಾರಾದರೂ ಯುವಿಬಿ ಅಂತ ಹೇಳಿ ಮಾಮೂಲಿ ಬಲ್ಬ್ ಕೊಟ್ಟರೋ ಅಂತ ಅನುಮಾನ ಬಂದಾಗ ಒಮ್ಮೆ ಬಳಸಬಹುದು, ಅಷ್ಟೇ. ಟ್ಯೂಬ್ ಇನ್ನೂ ಚೆನ್ನಾಗಿದೆ ಅಂತ ತೀರ್ಮಾನಿಸಲು ಇದನ್ನು ಬಳಸಬೇಡಿ.

ಆನ್‌ಲೈನ್‌ನಲ್ಲಿ 30-40 ಪೌಂಡಿಗೆ ಸಿಗುವ ಯುವಿ ಮೀಟರ್‌ಗಳು ಇನ್ನೂ ಅಪಾಯ, ಯಾಕೆಂದರೆ ಅವು ಸಂಖ್ಯೆ ತೋರಿಸಿ ನಂಬಿಸುತ್ತವೆ. ಬಹಳಷ್ಟು ಮೀಟರ್‌ಗಳು 280ರಿಂದ 400 ನ್ಯಾನೋಮೀಟರ್‌ವರೆಗಿನ ಎಲ್ಲ ಯುವಿಯನ್ನೂ ಒಟ್ಟಿಗೆ ಓದುತ್ತವೆ. ಅದರಲ್ಲಿ ದೊಡ್ಡ ಪಾಲು ಯುವಿಎ. ದೀಪದ ಯುವಿಬಿ ಅರ್ಧಕ್ಕೆ ಇಳಿದರೂ ಮೀಟರಿನ ಸಂಖ್ಯೆ ಅಲುಗಾಡದೇ ಇರಬಹುದು. ಈ ದುಡ್ಡಿಗೆ ಒಂದು ಹೊಸ ಟ್ಯೂಬೇ ಬರುತ್ತದಲ್ವಾ. ಫೋನಿನ ಆ್ಯಪ್ ಕೂಡ ಇದಕ್ಕೆ ಆಗದು, ಅದು ಹೇಳುವುದು ಆಕಾಶದ ಸೂಚ್ಯಂಕ.

ಇನ್ನು ಸೋಲಾರ್‌ಮೀಟರ್, ಮೊದಲು ಹೇಳಿದ 200 ಪೌಂಡ್ ದಾಟುವ ಮೀಟರ್ ಇದೇ ಕಂಪನಿಯದು. ಇದರಲ್ಲಿ ಎರಡು ಮಾಡೆಲ್ ನೋಡಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. 6.2 ಅನ್ನುವುದು ಒಟ್ಟು ಯುವಿಬಿಯನ್ನು ಮೈಕ್ರೋವ್ಯಾಟ್ ಲೆಕ್ಕದಲ್ಲಿ ತೋರಿಸುತ್ತದೆ. 6.5 ಅನ್ನುವುದು ಯುವಿ ಸೂಚ್ಯಂಕ ತೋರಿಸುತ್ತದೆ. ಯುವಿಬಿಯ ಎಲ್ಲ ತರಂಗಾಂತರವೂ ಡಿ3 ತಯಾರಿಸುವುದರಲ್ಲಿ ಸಮ ಅಲ್ಲ. ಕಿರಿಯ ತರಂಗಗಳ ಕೆಲಸ ಜಾಸ್ತಿ, ಅವುಗಳಿಂದ ಹಾನಿಯೂ ಜಾಸ್ತಿ. 6.5 ಈ ತೂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಾಗಾಗಿ ಬಿಸಿಲಿಗೂ ಟ್ಯೂಬಿಗೂ, ಒಂದು ಕಂಪನಿಯ ದೀಪಕ್ಕೂ ಇನ್ನೊಂದಕ್ಕೂ ಹೋಲಿಸಬಹುದು. 6.2ರಲ್ಲಿ ಅದೇ ದೀಪ ಕಾಲಕ್ರಮದಲ್ಲಿ ಎಷ್ಟು ಇಳಿಯಿತು ಅಂತ ಮಾತ್ರ ನೋಡಬಹುದು. ಹೊಸದಾಗಿ ಕೊಳ್ಳುವುದಾದರೆ 6.5 ಅಥವಾ ಸರೀಸೃಪ ಸಾಕುವವರಿಗಾಗಿ ಮಾಡಿದ 6.5ಆರ್ ಕೊಳ್ಳಿ. 6.2 ಅಗ್ಗಕ್ಕೆ ಸಿಕ್ಕಿತು ಅಂತ ಆಸೆ ಪಡಬೇಡಿ.

ನನಗೆ ಬಹಳ ಇಷ್ಟವಾದ ದಾರಿ ಎಂದರೆ ಎರವಲು. ಬ್ರಿಟನ್ನಿನ ಆಮೆ ಸಾಕುವವರ ಕ್ಲಬ್‌ಗಳಲ್ಲಿ, ಕೆಲವು ಸರೀಸೃಪ ಅಂಗಡಿಗಳಲ್ಲಿ, ವಿಶೇಷ ಪ್ರಾಣಿಗಳನ್ನು ನೋಡುವ ಪಶುವೈದ್ಯರ ಹತ್ತಿರ 6.5 ಇರುತ್ತದೆ. ಕೇಳಿದರೆ ಒಂದು ದಿನದ ಮಟ್ಟಿಗೆ ಕೊಡುವವರಿದ್ದಾರೆ. ಅಕ್ಕಪಕ್ಕದ ಊರಿನ ಮೂರ್ನಾಲ್ಕು ಮನೆಯವರು ಸೇರಿ ಒಂದು ಕೊಂಡರೂ ಆಯಿತು. ಸರಿಯಾಗಿ ನಡೆದುಕೊಂಡರೆ ಈ ಮೀಟರ್ ವರ್ಷಗಟ್ಟಲೆ ಬಾಳುತ್ತದೆ.

ಅಳೆಯುವಾಗ, ನೋಡಿಕೊಳ್ಳುವಾಗ

ಮೀಟರ್ ಕೈಗೆ ಬಂದ ಮೇಲೆ ಸುಮ್ನೆ ದೀಪದ ಕೆಳಗೆ ಹಿಡಿದು ಓದಿದರೆ ಸಾಲದು. ದೀಪ ಹಾಕಿ ಅರ್ಧ ಗಂಟೆ ಬಿಡಿ. ಆಮೆಯನ್ನು ಬೇರೆ ಕಡೆ ಇಡಿ. ಜಾಲರಿ ಇದ್ದರೆ ದಿನಾ ಹೇಗಿರುತ್ತದೋ ಹಾಗೇ ಇರಲಿ, ತೆಗೆಯಬೇಡಿ. ಮೀಟರಿನ ಸೆನ್ಸರ್ ಅನ್ನು ಆಮೆಯ ಚಿಪ್ಪಿನ ಮೇಲ್ಭಾಗದ ಎತ್ತರದಲ್ಲಿ ಹಿಡಿದು ನೇರ ದೀಪದ ಕಡೆ ತಿರುಗಿಸಿ. ದೊಡ್ಡ ಆಮೆಯ ಚಿಪ್ಪು ನೆಲದಿಂದ 12-15 ಸೆಂಟಿಮೀಟರ್ ಮೇಲಿರಬಹುದು, ಮರಿಯದು 3-4 ಅಷ್ಟೇ. ಎರಡೂ ಒಂದೇ ಮೇಜಿನಲ್ಲಿ (ಆಮೆ ಸಾಕುವ, ಮೇಲೆ ತೆರೆದ ಪೆಟ್ಟಿಗೆ) ಇದ್ದರೆ ಅವಕ್ಕೆ ಸಿಗುವ ಯುವಿಬಿ ಬೇರೆ ಬೇರೆ. ಬಿಸಿಲು ಕಾಯುವ ಕಲ್ಲಿನಿಂದ ಶುರು ಮಾಡಿ ಪ್ರತಿ 10 ಸೆಂಟಿಮೀಟರಿಗೆ ಒಂದರಂತೆ ಓದಿ, ಒಂದು ಹಾಳೆಯ ಮೇಲೆ ಮೇಜಿನ ಚಿತ್ರ ಬರೆದು ಸಂಖ್ಯೆಗಳನ್ನು ತುಂಬಿ. ಆ ಹಾಳೆಯನ್ನು ಮೇಜಿನ ಹಿಂಬದಿಗೆ ಅಂಟಿಸಿ. ನಿಮ್ಮ ಕಣ್ಣನ್ನು ಮರೆಯಬೇಡಿ, ದೀಪದ ಕಡೆ ನೇರ ನೋಡಬೇಡಿ.

ಹೊಸ ಟ್ಯೂಬ್ ಮೊದಲ 100 ಗಂಟೆ ಹೆಚ್ಚು ಯುವಿಬಿ ಕೊಡುತ್ತದೆ, ಆಮೇಲೆ ಸ್ಥಿರವಾಗುತ್ತದೆ. ಮೊದಲ ದಿನ 6 ತೋರಿಸಿತು ಅಂತ ಗಾಬರಿಯಾಗಿ ಮೇಲೆ ಎತ್ತಿಬಿಟ್ಟರೆ ಹತ್ತು ದಿನದಲ್ಲಿ ಅದು ಕಡಿಮೆ ಆಗುತ್ತದೆ. ಮೊದಲ ವಾರ ಸ್ವಲ್ಪ ಎತ್ತರದಲ್ಲೇ ಇಟ್ಟು, ಎರಡನೇ ವಾರ ಅಳೆದು ಜಾಗ ಗಟ್ಟಿ ಮಾಡಿ. ಆ ಸಂಖ್ಯೆಯೇ ನಿಮ್ಮ ಮೂಲ ಅಳತೆ. ಆಮೇಲೆ ತಿಂಗಳಿಗೆ ಒಮ್ಮೆ ಅದೇ ಚುಕ್ಕೆಯಲ್ಲಿ ಓದಿದರೆ ಸಾಕು. 3ರ ಕೆಳಗೆ ಇಳಿದಾಗ ಎರಡು ದಾರಿ. ಟ್ಯೂಬನ್ನು ಕೆಲವು ಸೆಂಟಿಮೀಟರ್ ಕೆಳಗೆ ತಂದರೆ ಸಂಖ್ಯೆ ಮತ್ತೆ ಏರುತ್ತದೆ, ಹಾಗೆ ಒಂದೆರಡು ತಿಂಗಳು ತಳ್ಳಬಹುದು. ಆದರೆ ಯುವಿ ಬೀಳುವ ಜಾಗ ಕಿರಿದಾಗುತ್ತದೆ. ಆ ಮೇಲೆ ಹೊಸ ಟ್ಯೂಬ್ ಹಾಕಲೇಬೇಕು.

ಸಂಖ್ಯೆ ಇದ್ದಕ್ಕಿದ್ದಂತೆ ಬಿದ್ದರೆ ಮೊದಲು ಧೂಳು ನೋಡಿ. ಆಮೆಯ ಮೇಜಿನ ಒಣಮಣ್ಣು, ಹುಲ್ಲಿನ ಪುಡಿ ಟ್ಯೂಬಿನ ಮೇಲೂ ರಿಫ್ಲೆಕ್ಟರಿನ ಮೇಲೂ ಕೂರುತ್ತದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪೂರ್ತಿ ತಣ್ಣಗಾದ ಮೇಲೆ ಒಣಬಟ್ಟೆಯಿಂದ ಒರೆಸಿ. ಟ್ಯೂಬಿನ ತುದಿಯಲ್ಲಿ ಹಾಕಿದ ತಾರೀಕನ್ನು ಮಾರ್ಕರಿನಲ್ಲಿ ಬರೆದಿಡಿ. ಮರ್ಕ್ಯುರಿ ವೇಪರ್ ಬಲ್ಬಿನ ಹೊರಗಾಜು ಬಿರುಕು ಬಿಟ್ಟಿದ್ದರೆ ಒಂದು ನಿಮಿಷವೂ ಉರಿಸಬೇಡಿ, ಒಳಗಿನ ಅಪಾಯದ ಯುವಿಸಿ ಹೊರಬರುತ್ತದೆ. ಹಳೆಯ ಟ್ಯೂಬಲ್ಲಿ ಪಾದರಸ ಇರುತ್ತದೆ. ಅದನ್ನು ಮನೆಯ ಕಸದ ಡಬ್ಬಿಗೆ ಹಾಕದೆ ಕೌನ್ಸಿಲ್‌ನ ಮರುಬಳಕೆ ಕೇಂದ್ರಕ್ಕೆ ಕೊಡಿ.

ಆಮೆ ಕಣ್ಣು ಮುಚ್ಚಿಕೊಂಡೇ ಇದ್ದರೆ, ಕಣ್ಣು ಊದಿದ್ದರೆ, ದೀಪ ಹಾಕಿದ ಕೂಡಲೇ ಹೋಗಿ ಅವಿತುಕೊಂಡರೆ ಯುವಿ ಜಾಸ್ತಿ ಆಗಿರಬಹುದು. ದೀಪ ಯಾವಾಗಲೂ ತಲೆಯ ಮೇಲಿರಲಿ, ಪಕ್ಕದಿಂದ ಬೇಡ. ಬಿಸಿಲು ಮೇಲಿಂದ ಬಿದ್ದಾಗ ಹುಬ್ಬಿನ ಏಣು ಆಮೆಯ ಕಣ್ಣಿಗೆ ನೆರಳು ಕೊಡುತ್ತದೆ, ಪಕ್ಕದ ದೀಪಕ್ಕೆ ಆ ರಕ್ಷಣೆ ಇಲ್ಲ.

ಹಾಗಾದರೆ ನಿಮಗೆ ಯಾವುದು?

ಒಂದೇ ಆಮೆ, ಟಿ5 ಟ್ಯೂಬ್, ನಡುವೆ ಜಾಲರಿ ಇಲ್ಲ, ಬೇಸಿಗೆಯಲ್ಲಿ ಹಿತ್ತಲಿಗೆ ಬಿಡುತ್ತೀರಿ ಅಂದರೆ ಮೀಟರ್ ಕೊಳ್ಳುವ ಅಗತ್ಯ ಇಲ್ಲ. ದೀಪ ಹಾಕಿದ ಮೊದಲ ತಿಂಗಳಲ್ಲಿ ಒಮ್ಮೆ ಎರವಲು ತಂದು ಅಳೆಯಿರಿ, ಆಮೇಲೆ ವರ್ಷಕ್ಕೊಮ್ಮೆ ಟ್ಯೂಬ್ ಬದಲಿಸಿ. 200 ಪೌಂಡಿಗೆ ಆರೇಳು ಟ್ಯೂಬ್ ಬರುತ್ತದೆ. ಇಂಗ್ಲೆಂಡಿನಲ್ಲಿ ಜೂನ್ ತಿಂಗಳ ನಡುಹಗಲಲ್ಲಿ ಆಕಾಶದ ಸೂಚ್ಯಂಕವೇ 6-7 ತಲುಪುತ್ತದೆ. ಆ ದಿನಗಳಲ್ಲಿ ಹಿತ್ತಲಿನ ಬಿಸಿಲಿಗಿಂತ ಒಳ್ಳೆಯ ದೀಪ ಇಲ್ಲ. ಕಿಟಕಿಯ ಗಾಜಿನ ಹಿಂದೆ ಮಾತ್ರ ಇಡಬೇಡಿ. ಗಾಜು ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ, ಮಾಮೂಲಿ ಪಾಲಿಕಾರ್ಬೊನೇಟ್ ಹಾಳೆಯೂ ಅಷ್ಟೇ. ಡಿಸೆಂಬರಿನಲ್ಲಿ ಸೂಚ್ಯಂಕ 1 ಕೂಡ ಇರುವುದಿಲ್ಲ. ಆದರೆ ಶೀತನಿದ್ರೆಗೆ ಹೋದ ಆಮೆಗೆ ದೀಪವೇ ಬೇಡ.

ಮರ್ಕ್ಯುರಿ ವೇಪರ್ ಅಥವಾ ಮೆಟಲ್ ಹ್ಯಾಲೈಡ್ ಇಟ್ಟುಕೊಂಡವರು, ಮೇಲೆ ಜಾಲರಿ ಇರುವ ತೊಟ್ಟಿಯಲ್ಲಿ ಸಾಕುವವರು, ಮರಿ ಬೆಳೆಸುವವರು, ಬೇರೆ ಬೇರೆ ಗಾತ್ರದ ಎರಡು ಮೂರು ಆಮೆ ಇರುವವರು 6.5 ಕೊಳ್ಳಿ. ಇವರಿಗೆ ಅದು ಟ್ಯೂಬಿನ ದುಡ್ಡು ಉಳಿಸುತ್ತದೆ ಅಂತ ಹೇಳುತ್ತಿಲ್ಲ. ಎಲ್ಲಿ ಕಡಿಮೆ, ಎಲ್ಲಿ ಜಾಸ್ತಿ ಅಂತ ಇವರಿಗೆ ಬೇರೆ ಯಾವ ದಾರಿಯಲ್ಲೂ ಗೊತ್ತಾಗುವುದಿಲ್ಲ. ಮೀಟರ್‌ಗೆ ಸದ್ಯ ದುಡ್ಡಿಲ್ಲ ಅಂದರೆ ಮರ್ಕ್ಯುರಿ ಬಲ್ಬ್ ತೆಗೆದು ಟಿ5 ಹಾಕಿ. ರಿಫ್ಲೆಕ್ಟರ್ ಸಹಿತ ಇಡೀ ಸೆಟ್ಟು ಮೀಟರಿನ ಅರ್ಧ ಬೆಲೆಗೂ ಕಡಿಮೆ. ಅಳೆಯದೇ ಇದ್ದರೂ ಅದರಲ್ಲಿ ಅಪಾಯ ಕಡಿಮೆ.

ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಕಡೆ ಇದ್ದು ಸಲ್ಕಾಟಾ ಸಾಕಿ ವರ್ಷದ ಬಹುಪಾಲು ಅಂಗಳದಲ್ಲೇ ಬಿಡುವವರಿಗೆ ದೀಪ ಚಳಿಯ ಕೆಲವು ವಾರಗಳ ಮಾತು. ಅವರಿಗೆ ಕ್ಯಾಲೆಂಡರ್ ಸಾಕು.

ಚಿಪ್ಪು ಒತ್ತಿದರೆ ಬಗ್ಗುತ್ತಿದೆ, ಆಮೆ ಕಾಲೆತ್ತಿ ನಡೆಯಲಾರದು ಅನ್ನುವ ಸ್ಥಿತಿ ಇದ್ದರೆ ಮೀಟರ್ ಹುಡುಕುತ್ತಾ ಕೂರಬೇಡಿ. ಮೊದಲು ಸರೀಸೃಪ ನೋಡುವ ಪಶುವೈದ್ಯರ ಹತ್ತಿರ ಹೋಗಿ.

ಬಳಸಿದ ಸಾಮಾನು ಕೊಳ್ಳುವವರಿಗೆ: ಹಳೆಯ ಟ್ಯೂಬ್ ಯಾರು ಸುಮ್ನೆ ಕೊಟ್ಟರೂ ಬೇಡ. ಹಳೆಯ 6.5 ಮೀಟರ್ ಕೊಳ್ಳಬಹುದು. ಕೊಳ್ಳುವ ಮೊದಲು ಮೋಡ ಇಲ್ಲದ ದಿನ ನಡುಹಗಲಲ್ಲಿ ಅದರ ಸೆನ್ಸರನ್ನು ನೇರ ಮೇಲಕ್ಕೆ ಆಕಾಶದ ಕಡೆ ಹಿಡಿದು, ಆ ಊರಿಗೆ ಆ ಹೊತ್ತಿಗೆ ಹವಾಮಾನ ಇಲಾಖೆ ಹೇಳಿದ ಸೂಚ್ಯಂಕದ ಜೊತೆ ಹೋಲಿಸಿ. ಒಂದರ ಆಚೀಚೆ ಇದ್ದರೆ ಸರಿ. 6 ಇರಬೇಕಾದಲ್ಲಿ 3 ತೋರಿಸಿದರೆ ಸೆನ್ಸರನ್ನು ಒರೆಸಿ, ಬ್ಯಾಟರಿ ಬದಲಿಸಿ ಮತ್ತೊಮ್ಮೆ ನೋಡಿ. ಆಗಲೂ ಅಷ್ಟೇ ಬಂದರೆ ಆ ಮೀಟರ್ ಬಿಟ್ಟುಬಿಡಿ.